ಹುಲ್ಲಿನೋಣಿಗೆ ಎಷ್ಟು ಪರ್ಸೆಂಟು

ನಮ್ಮ ಹಿಮದ ಬೆಟ್ಟದಲ್ಲಿ 'ಗೋಡೆ' ಎಂಬ ಇಳಿಜಾರಿದೆ. ಅದರ ನೆತ್ತಿಯಲ್ಲಿ, ಜನರನ್ನು ಬೆಟ್ಟಕ್ಕೆ ಏರಿಸುವ ಲಿಫ್ಟ್ ಕಂಪನಿಯವರು ಬಾಗಿಲಿನಷ್ಟು ದೊಡ್ಡ ಹಲಗೆ ನಿಲ್ಲಿಸಿ 'ಇಳಿಜಾರು 72 ಪರ್ಸೆಂಟ್' ಎಂದು ಬರೆಸಿದ್ದಾರೆ. ಜನ ಮೊದಲು ಹಲಗೆಯ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಆಮೇಲೆ ಪ್ರಾಣ ಕೈಯಲ್ಲಿ ಹಿಡಿದು ಸ್ಕೀ ಮೇಲೆ ಜಾರುತ್ತಾರೆ, ಕೊನೆಗೆ ಕೆಳಗಿನ ಅಂಗಡಿಯಲ್ಲಿ 'ನಾನು ಗೋಡೆ ಇಳಿದೆ' ಎಂದು ಬರೆದ ಅಂಗಿ ಕೊಳ್ಳುತ್ತಾರೆ. ಒಂದು ಅಂಗಿಗಾಗಿ ಬೆಟ್ಟ ಹತ್ತುವ ಜನಕ್ಕೆ ಏನು ಹೇಳುವುದು.

ಮೂವತ್ತೊಂದು ಚಳಿಗಾಲದಿಂದ ನಾನು ಇಲ್ಲಿಯ ರಕ್ಷಣಾ ತಂಡದಲ್ಲಿದ್ದೇನೆ. ಹನ್ನೆರಡು ವರ್ಷದಿಂದ ಅದರ ಮುಖ್ಯಸ್ಥೆ. ಗೋಡೆ ಕಡಿದು, ಇಲ್ಲವೆನ್ನುವುದಿಲ್ಲ. ಆದರೆ ಕಡಿದಾದದ್ದೆಲ್ಲ ಕಷ್ಟ ಎಂದು ಯಾವ ದಡ್ಡ ಹೇಳಿದನೋ. ಗೋಡೆ ಅಗಲವಾಗಿದೆ, ನೇರವಾಗಿದೆ, ದಿನಾ ಯಂತ್ರ ಹಾಯಿಸಿ ಹಿಮವನ್ನು ಹಾಸಿಗೆಯಂತೆ ಮಟ್ಟ ಮಾಡುತ್ತಾರೆ. ಬಿದ್ದವನು ಕುಂಡೆಯ ಮೇಲೆ ಇನ್ನೂರು ಮೀಟರ್ ಜಾರಿ ಕೆಳಗಿನ ಬಯಲಲ್ಲಿ ತಾನಾಗಿ ನಿಲ್ಲುತ್ತಾನೆ, ನಗುತ್ತಾ ಎದ್ದು ಟೋಪಿ ಹುಡುಕುತ್ತಾನೆ. ಅಲ್ಲಿ ನಾನು ಕಂಡ ದೊಡ್ಡ ಗಾಯವೆಂದರೆ ಒಂದು ಮುರಿದ ಹೆಬ್ಬೆರಳು, ಅದೂ ಫೋಟೋ ತೆಗೆಯುವ ಗಡಿಬಿಡಿಯಲ್ಲಿ.

ಕಷ್ಟ ನೋಡಬೇಕಾದರೆ ಹುಲ್ಲಿನೋಣಿಗೆ ಬರಬೇಕು. ನಮ್ಮ ಅಪ್ಪನ ಕಾಲದಲ್ಲಿ ಬೇಸಿಗೆಯ ಹುಲ್ಲನ್ನು ಮೇಲಿನ ಕೊಟ್ಟಿಗೆಗಳಲ್ಲಿ ತುಂಬಿಟ್ಟು ಚಳಿಗಾಲದಲ್ಲಿ ಜಾರುಬಂಡಿಯ ಮೇಲೆ ಕೆಳಗೆ ಎಳೆದು ತರುತ್ತಿದ್ದ ದಾರಿ ಅದು. ನೋಡಿದರೆ ಸಾಧು, ಹಸುವೂ ನಡೆದು ಇಳಿಯಬಹುದು. ಆದರೆ ಉದ್ದಕ್ಕೂ ಎಡಕ್ಕೆ ವಾಲಿದೆ, ಎಡಕ್ಕೆ ಕಮರಿ. ನಡುವೆ 'ಮೂಗು' ಎನ್ನುವ ತಿರುವಿದೆ, ಅದರ ಕೆಳಗೆ ಒರತೆಯ ನೀರು. ಬೆಳಿಗ್ಗೆ ಬಿಸಿಲಿಗೆ ಹಿಮ ಬೆಣ್ಣೆಯಂತಿರುತ್ತದೆ. ಹನ್ನೆರಡಕ್ಕೆ ಸೂರ್ಯ ಶಿಖರದ ಹಿಂದೆ ಹೋದನೋ, ಒರತೆಯ ನೀರು ಮೇಲೆ ಬಂದು ಹೆಪ್ಪುಗಟ್ಟಿ ಗಾಜಾಗುತ್ತದೆ. ಚರ್ಚಿನ ಮಧ್ಯಾಹ್ನದ ಗಂಟೆ ಹೊಡೆದ ಮೇಲೆ ನಮ್ಮ ಊರಿನ ಯಾವ ರೈತನೂ ಅಲ್ಲಿ ಬಂಡಿ ಇಳಿಸುತ್ತಿರಲಿಲ್ಲ. ಹುಲ್ಲು ನಾಳೆಗೆ ಇರಲಿ, ದನ ಒಂದು ದಿನ ಕಡಿಮೆ ತಿನ್ನಲಿ.

ಈ ಓಣಿಯನ್ನು ಕಂಪನಿ ಈ ವರ್ಷ ಅಗಲ ಮಾಡಿ ಸ್ಕೀ ಹಾದಿ ಮಾಡಿತು. ಅದಕ್ಕೆ ಬಣ್ಣ ನಿಗದಿಯಾಗಬೇಕಿತ್ತು. ನೀಲಿ ಎಂದರೆ ಸುಲಭ, ಕೆಂಪು ಎಂದರೆ ನಡುವಿನದು, ಕಪ್ಪು ಎಂದರೆ ಕಷ್ಟ. ಕಾಗದಕ್ಕೆ ನನ್ನ ಸಹಿ ಬೇಕು. ಕಂಪನಿಯ ವ್ಯವಸ್ಥಾಪಕ ಇಂಜಿನಿಯರ್ ಪ್ರಾಂಟಲ್ ಅದನ್ನು ಹಿಡಿದು ಬುಧವಾರ ನಮ್ಮ ರಕ್ಷಣಾ ತಂಡದ ಗುಡಿಸಲಿಗೆ ಬಂದ. ಬೆಟ್ಟದ ಮೇಲೆ ನಮ್ಮಲ್ಲಿ ಎಲ್ಲರೂ ಎಲ್ಲರಿಗೂ 'ನೀನು'. ಇವನೊಬ್ಬ ಮಾತ್ರ 'ನೀವು' ಅನ್ನಿಸಿಕೊಳ್ಳುವ ಗಿರಾಕಿ.

"ಮೂವತ್ತನಾಲ್ಕು ಪರ್ಸೆಂಟು. ನಲವತ್ತರ ಒಳಗಿದ್ರೆ ಕೆಂಪು. ಸಹಿ ಹಾಕಿ ಬುರ್ಗಲ್ ಅವ್ರೇ, ಶನಿವಾರ ಹಾದಿ ತೆಗೀಬೇಕು," ಅಂದ.

"ಎಷ್ಟು ಗಂಟೆಗೆ ಇಳಿದು ನೋಡಿದ್ರಿ?"

"ಹತ್ತೂವರೆಗೆ. ನಮ್ಮಜ್ಜಿನೂ ಇಳೀತಾರೆ."

"ಮಧ್ಯಾಹ್ನದ ಮೇಲೆ ಯಾರು ಇಳಿಯೋದು?"

"ಸ್ಕೀ ಶಾಲೆಯೋರು. ಮೂರು ಗಂಟೆಗೆ ಮಕ್ಕಳನ್ನ ಈ ದಾರೀಲೇ ಮನೆಗೆ ಕರ್ಕೊಂಡು ಹೋಗ್ತಾರೆ. ಲಿಫ್ಟಲ್ಲಿ ನೂಕುನುಗ್ಗಲು ತಪ್ಪತ್ತೆ."

ಆರೇಳು ವರ್ಷದ ಮಕ್ಕಳು, ಒಬ್ಬರ ಹಿಂದೆ ಒಬ್ಬರು ಬಾತುಕೋಳಿ ಸಾಲಿನಂತೆ, ಮೂರು ಗಂಟೆಗೆ, ಮೂಗಿನ ತಿರುವಿನಲ್ಲಿ. ಕಪ್ಪು ಹಾದಿಗಾದರೆ ಶಾಲೆಯವರು ಮಕ್ಕಳನ್ನು ತರುವಂತಿಲ್ಲ. ಕೆಂಪಿಗೆ ತರುತ್ತಾರೆ.

"ಇದು ಕಪ್ಪು. ನೆಲ ಎಡಕ್ಕೆ ವಾಲಿದೆ, ಮಧ್ಯಾಹ್ನದ ಮೇಲೆ ಗಾಜು, ಬಿದ್ರೆ ಕಮರಿ," ಅಂದೆ.

ಅವನು ಗುಡಿಸಲಲ್ಲಿದ್ದ ನಮ್ಮ ಹುಡುಗರ ಕಡೆ ತಿರುಗಿ ನಕ್ಕ. "ಕುಣಿಯಕ್ಕೆ ಬರ್ದೇ ಇರೋಳು ನೆಲ ಡೊಂಕು ಅಂದ್ಲಂತೆ. ನಾನು ದಿನಾ ಬೆಳಿಗ್ಗೆ ಗೋಡೆ ಇಳಿಯೋನು ಕಣ್ರೀ. ನಿಮಗಾಗದಿದ್ರೆ ಹೇಳಿ, ಗೆಬ್‌ಹಾರ್ಟ್ ಹಾಕ್ತಾನೆ."

ಹಾಕುತ್ತಾನೆ. ಗೆಬ್‌ಹಾರ್ಟ್ ನನ್ನ ಕೈಕೆಳಗಿನವನು, ನಾನಿಲ್ಲದಾಗ ನನ್ನ ಬದಲು ಸಹಿ ಹಾಕುವವನು, ಒಳ್ಳೆಯವನು, ಕೆಲಸಗಾರ. ಆದರೆ ಮೇಲಿನವರ ಮುಂದೆ ಕೋಲೆಬಸವ.

"ಹಾಕ್ತೀನಿ. ನಾಳೆ ಮೂರು ಗಂಟೆಗೆ ನನ್ನ ಜೊತೆ ಒಂದು ಸಲ ಇಳಿದು ತೋರ್ಸಿ. ಅಷ್ಟೆ," ಅಂದೆ.

ಮರುದಿನ ಗಂಟೆ ಹೊಡೆದ ಮೇಲೆ ಗೆಬ್‌ಹಾರ್ಟನನ್ನು ಕರೆದುಕೊಂಡು ಹೋಗಿ ಮೂಗಿನ ಅಂಚಿಗೆ ಎರಡು ಸಾಲು ಕೆಂಪು ಬಲೆ ಕಟ್ಟಿದೆ. "ಯಾಕಕ್ಕಾ, ಇಲ್ಲಿ ಬಲೆ ಬೇಡ ಅಂತ ಸಾಹೇಬ್ರು ಹೇಳಿದ್ರಲ್ಲ?" ಅಂದ. "ಸಾಹೇಬ್ರಿಗೇ ಕಟ್ತಿರೋದು, ಗಟ್ಟಿಯಾಗಿ ಬಿಗಿ," ಅಂದೆ.

ಪ್ರಾಂಟಲ್ ಹೊಸ ಕನ್ನಡಕ ಹಾಕಿಕೊಂಡು ಬಂದ. ಮೊದಲ ಹತ್ತು ತಿರುವು ಚೆನ್ನಾಗಿಯೇ ಇಳಿದ. ಗೋಡೆ ಇಳಿಯುವವರದು ಒಂದೇ ವಿದ್ಯೆ, ನೇರ ಕೆಳಗೆ ನೋಡಿ ಧೈರ್ಯ ಮಾಡುವುದು. ಇಲ್ಲಿ ನೆಲ ಎಡಕ್ಕೆ ಎಳೆಯುತ್ತದೆ, ಧೈರ್ಯಕ್ಕೆ ಇಲ್ಲಿ ಕೆಲಸವಿಲ್ಲ. ಮೂಗಿನ ಹತ್ತಿರ ನಾನು ಬಲೆಯ ಕಂಬದ ಬಳಿ ನಿಂತೆ. ಅವನು ತಿರುಗಿದ, ಸ್ಕೀಯ ಉಕ್ಕಿನ ಅಂಚು ಗಾಜಿನ ಮೇಲೆ ಕಿರ್ರೆಂದಿತು, ಅಷ್ಟೆ. ಅವನು ಕೆಳಗೆ ಹೋಗಲಿಲ್ಲ, ಪಕ್ಕಕ್ಕೆ ಹೋದ. ಮೊದಲ ಬಲೆ ಕಿತ್ತು ಬಂತು. ಎರಡನೆಯದು ಹಿಡಿಯಿತು. ಒಂದು ಸ್ಕೀ ಕಳಚಿ ಕಮರಿಗೆ ಬಿತ್ತು, ಬಂಡೆಯಿಂದ ಬಂಡೆಗೆ ಬಡಿಯುತ್ತಾ ಬಹಳ ಹೊತ್ತು ಸದ್ದು ಮಾಡಿತು.

"ನೆಲ ಡೊಂಕಿತ್ತೇನೋ?" ಅಂದೆ. 'ನೀವು' ಎಂಬುದು ನನ್ನ ಬಾಯಿಗೆ ಬರಲಿಲ್ಲ.

"ಕೈ... ಕೈ ಎತ್ತಕ್ಕಾಗ್ತಿಲ್ಲ," ಅಂದ. ಮುಖ ಸುಣ್ಣವಾಗಿತ್ತು.

"ನೀನು ಎಷ್ಟು ಪರ್ಸೆಂಟು ಅಂದಿದ್ದೆ?"

ಭುಜದ ಮೂಳೆ ಮುರಿದಿತ್ತು. ಕಟ್ಟಿ, ಹೊದಿಸಿ, ರಕ್ಷಣಾ ಬಂಡಿಯಲ್ಲಿ ಮಲಗಿಸಿ, ನಾನೇ ಕೆಳಗಿಳಿಸಿದೆ. ದಾರಿಯುದ್ದಕ್ಕೂ ಅವನು ಆಕಾಶ ನೋಡುತ್ತಿದ್ದ. ಬುದ್ಧಿ ಬಂತು ಎಂದುಕೊಂಡೆ. ಮೂವತ್ತೊಂದು ವರ್ಷ ಬೆಟ್ಟದಲ್ಲಿದ್ದರೂ ಮನುಷ್ಯರ ವಿಷಯದಲ್ಲಿ ನಾನು ಇಷ್ಟು ಪೆದ್ದಿ.

ಶುಕ್ರವಾರ ಊಟಕ್ಕೆ ಊರಿನ ಹೋಟೆಲಿಗೆ ಹೋದರೆ, ಪ್ರಾಂಟಲ್ ಕೈ ಜೋಳಿಗೆಯಲ್ಲಿ ನೇತುಹಾಕಿಕೊಂಡು ಪ್ರವಾಸಿಗಳ ನಡುವೆ ಕೂತಿದ್ದ. ಎದುರಿಗೆ ಹಂದಿಮಾಂಸದ ಹಿಟ್ಟಿನುಂಡೆಯ ಸಾರು ಆರುತ್ತಿತ್ತು.

"ಎಂಬತ್ತೊಂದು ಪರ್ಸೆಂಟು ಸ್ವಾಮಿ," ಅನ್ನುತ್ತಿದ್ದ. "ಗೋಡೆ ಇದರ ಮುಂದೆ ಏನೂ ಅಲ್ಲ. ಬೇರೆ ಯಾರಾದ್ರೂ ಆಗಿದ್ರೆ ಉಳೀತಿರ್ಲಿಲ್ಲ."

ನನ್ನನ್ನು ಕಂಡು ಎದ್ದು ಬಂದ. ಎಡಗೈಯಲ್ಲಿ ಹೊಸ ಕಾಗದವಿತ್ತು. ಬಣ್ಣ ಕಪ್ಪು, ಇಳಿಜಾರು ಎಂಬತ್ತೊಂದು.

"ಇದೆಲ್ಲಿಂದ ಬಂತು?" ಅಂದೆ.

"ಮತ್ತೆ ಅಳೆದ್ವಿ."

"ಯಾರು ಅಳೆದಿದ್ದು? ನಿನ್ನ ಭುಜಾನಾ?"

ದನಿ ತಗ್ಗಿಸಿದ. "ನಿಮಗೆ ಕಪ್ಪು ಬೇಕಿತ್ತು, ಕೊಟ್ಟಿದೀನಿ. ನಲವತ್ತು ದಾಟದೆ ಮೇಲಿನೋರು ಕಪ್ಪಿಗೆ ಒಪ್ಪಲ್ಲ. ಮೂವತ್ತನಾಲ್ಕು ಅಂತ ಬರೀರಿ ಅಂದ್ರೆ ಬರೀತೀನಿ. ಆದ್ರೆ ಆಗ ಕೆಂಪು."

ನಲವತ್ತೊಂದು ಎಂದಿದ್ದರೂ ಸಾಕಿತ್ತು. ಎಂಬತ್ತೊಂದು ಯಾಕೆ ಎಂದು ನಾನು ಕೇಳಲಿಲ್ಲ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದು. ಹಸು ಇಳಿಯುವ ದಾರಿಯಲ್ಲಿ ಬಿದ್ದೆ ಎಂದು ಹೇಳಿಕೊಂಡು ಈ ಕಣಿವೆಯಲ್ಲಿ ಬದುಕುವುದು ಅವನಿಂದಾಗದು. ಹೆದರಿದ್ದಾನೆ, ನೋವು ತಿಂದಿದ್ದಾನೆ, ಆ ಸ್ಕೀ ಬೀಳುವ ಸದ್ದು ಕೇಳಿದ್ದಾನೆ. ಆದರೂ ಕಲಿತದ್ದು ಇಷ್ಟೇ, ತಾನು ಬರೆದ ಸಂಖ್ಯೆ ಸಣ್ಣದಾಯಿತು ಎಂದು. ಥೂ.

ಹರಿದು ಅವನ ಸಾರಿನೊಳಗೆ ಹಾಕುವ ಮನಸ್ಸಾಯಿತು. ಆದರೆ ಹರಿದರೆ ಗೆಬ್‌ಹಾರ್ಟ್ ಕೆಂಪಿಗೆ ಸಹಿ ಹಾಕುತ್ತಾನೆ, ಸೋಮವಾರ ಮೂರು ಗಂಟೆಗೆ ಬಾತುಕೋಳಿ ಸಾಲು ಹೊರಡುತ್ತದೆ. ಪೆನ್ನು ತೆಗೆದು ಕಾಗದದ ಕೆಳಗೆ ಒಂದು ಸಾಲು ಬರೆದೆ: ಮಧ್ಯಾಹ್ನದ ಗಂಟೆಯ ನಂತರ ಈ ಹಾದಿ ಮುಚ್ಚಿರುತ್ತದೆ.

"ಇದಕ್ಕೆ ನೀನು ಸಹಿ ಹಾಕು. ಆಮೇಲೆ ನಿನ್ನ ಎಂಬತ್ತೊಂದಕ್ಕೆ ನಾನು ಹಾಕ್ತೀನಿ," ಅಂದೆ.

ಎಡಗೈಯಲ್ಲಿ ಗೀಚಿದ. ನಾನೂ ಹಾಕಿದೆ. ನನ್ನ ಅಕ್ಷರ ಅವನದಕ್ಕಿಂತ ಸೊಟ್ಟಗೆ ಬಂತು.

ಶನಿವಾರ ಹುಲ್ಲಿನೋಣಿಯ ನೆತ್ತಿಯಲ್ಲಿ ಹೊಸ ಹಲಗೆ ನಿಂತಿತ್ತು. ಫೋಟೋಗೆ ನಿಂತವರ ಸಾಲು ಗೋಡೆಯದಕ್ಕಿಂತ ಉದ್ದವಿತ್ತು. ಬೆಣ್ಣೆಯಂಥ ಹಿಮದ ಮೇಲೆ ಅಜ್ಜ ಅಜ್ಜಿಯರೂ ಎಂಬತ್ತೊಂದು ಪರ್ಸೆಂಟು ಇಳಿದು ಎದೆ ಉಬ್ಬಿಸಿಕೊಂಡು ಹೋದರು. ಒಂದೇ ಒಂದು ಮಗುವೂ ಬರಲಿಲ್ಲ. ಕೆಳಗೆ ಗಂಟೆ ಹೊಡೆಯಿತು. ಗೆಬ್‌ಹಾರ್ಟ್ ಮತ್ತು ನಾನು ಹಗ್ಗ ಎಳೆದು ಕಟ್ಟಿದೆವು.

ಗೆಬ್‌ಹಾರ್ಟ್ ಗಂಟು ಬಿಗಿಯುತ್ತಾ ಹಲಗೆ ನೋಡಿದ. ಅವನು ಈ ಓಣಿಯಲ್ಲೇ ಹುಲ್ಲು ಎಳೆದವರ ಮೊಮ್ಮಗ.

"ಅಕ್ಕಾ, ನೀನೇ ಸಹಿ ಹಾಕಿದ್ಯಂತೆ. ನಿಜವಾಗ್ಲೂ ಎಂಬತ್ತೊಂದಾ?"

ಅವನು ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಹೇಳಿದ್ದನ್ನು ಅವನು ಹೋಟೆಲಿನಲ್ಲಿ ಹೇಳುತ್ತಾನೆ, ಅಲ್ಲಿಂದ ಶಾಲೆಯವರ ಕಿವಿಗೆ ಹೋಗುತ್ತದೆ. ಮೂವತ್ತನಾಲ್ಕು ಎಂದರೆ ಹಾದಿ ಮತ್ತೆ ಕೆಂಪು.

"ಹೂಂ," ಅಂದೆ. "ನಾನೇ ಅಳೆದೆ."