ಗಿರಣಿಯ ಹೊಟ್ಟೆಗಿಟ್ಟ ಬೊಟ್ಟು

ನಾಚಾರಂ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ಒಣಗಿದ ಕಡಲಪಾಚಿ ಬೀಸಿ ಔಷಧದ ಪುಡಿ ಮಾಡುವ ಗಿರಣಿ ಹಂಪಮ್ಮನದು. ಕೊಂಡವನು ಮೈಸೂರಿನ ಉಪೇಂದ್ರ, ಕಾರ್ಖಾನೆಯ ಮಾಲೀಕ. ಆದರೆ ಆರು ವರ್ಷದಿಂದ ಅದನ್ನು ಒರೆಸಿ, ಬೈದು, ಮುದ್ದಿಸಿ ಓಡಿಸುತ್ತಿದ್ದವಳು ಅವಳೇ.

ದಸರಾ ಮುಗಿದ ಮೇಲೆ ಬೀಸಿದ ಮೊದಲ ಪುಡಿ ಲ್ಯಾಬಿನಲ್ಲಿ ಫೇಲಾಯಿತು. ಅದರಲ್ಲಿ ಸೀಸವಿತ್ತು, ಅದೂ ಮಿತಿ ಮೀರಿ. ಸಮುದ್ರವೇ ಕೆಟ್ಟಿರಬೇಕು, ಪಾಚಿ ಕಳಿಸುವ ರಾಮೇಶ್ವರದ ಕಡೆಯ ಹೆಂಗಸರಿಗೆ ಇನ್ನು ಆರ್ಡರು ಬೇಡ ಎಂದು ಉಪೇಂದ್ರ ಫೋನು ಕೈಗೆತ್ತಿಕೊಂಡ. ಮುಳುಗಿ ಪಾಚಿ ಕೀಳುವ ಆ ಹೆಂಗಸರನ್ನು ಹಂಪಮ್ಮ ವಿಡಿಯೋದಲ್ಲಿ ನೋಡಿದ್ದಳು. ಉಸಿರು ಕಟ್ಟಿ ದುಡಿಯುವವರು.

ಲ್ಯಾಬಿನಿಂದ ವಿಜಯಶ್ರೀ ಬಂದಿದ್ದಳು, ರಾಯಚೂರಿನ ಹುಡುಗಿ. ಪಾಚಿಗೆ ಇಲ್ಲೇ ಬಣ್ಣಗಿಣ್ಣ ತಾಗಿತೇ ಎಂದು ಕೇಳಿದಳು. ಎಲ್ಲ ಸ್ಟೀಲು, ಏನೂ ಇಲ್ಲ ಎಂದ ಉಪೇಂದ್ರ.

ಹಂಪಮ್ಮನಿಗೆ ತಟ್ಟನೆ ನೆನಪಾಯಿತು. ಆಯುಧಪೂಜೆಗೆ ಕೋಠಿ ಪೇಟೆಯಿಂದ ಕೆಂಡದಂಥ ಸಿಂಧೂರ ತಂದು, ಎಣ್ಣೆಯಲ್ಲಿ ಕಲಸಿ ಗಿರಣಿಯ ಹೊರಗೂ ಒಳಗೂ ಹಚ್ಚಿದ್ದಳು. ಹೊರಗಿನದನ್ನು ಒರೆಸಿದ್ದಳು. ಒಳಗಿನದು ಪಾಚಿಯ ಜೊತೆ ಅರೆದು ಹೋಗಿತ್ತು. ಹೇಳಿದರೆ ತನ್ನ ಕೆಲಸ ಹೋದೀತು, ಹೇಳದಿದ್ದರೆ ಆ ಹೆಂಗಸರದು.

ದೇವರ ಫೋಟೋದ ಹಿಂದಿನಿಂದ ಉಳಿದ ಸಿಂಧೂರದ ಪೊಟ್ಟಣ ತಂದು ಮೇಜಿನ ಮೇಲಿಟ್ಟಳು.

"ನಾನ ಹಚ್ಚೀನ್ರಿ, ಒಳಗ."

"ಒಳಗ್ಯಾಕೆ ಹಚ್ಚಿದೆ, ಹಂಪಮ್ಮ?" ಎಂದ ಉಪೇಂದ್ರ.

"ದುಡಿಯೋದು ಹೊಟ್ಟಿ ಅಲ್ಲೇನ್ರಿ ಸರ? ಹೊರಗಿನ ಮಾರಿಗಷ್ಟ ಪೂಜಾ ಮಾಡಿದ್ರ ಹೊಟ್ಟಿ ಸಿಟ್ಟಾಗತೈತಿ."

ವಿಜಯಶ್ರೀ ನಗು ತಡೆಯಲು ಅತ್ತ ತಿರುಗಿದಳು. ಪೂಜೆಯ ದಿನ ಅದೇ ಸಿಂಧೂರ ಮಾಲೀಕರ ಹಣೆಗೂ ದಪ್ಪಗೆ ಏರಿತ್ತು. ಉಪೇಂದ್ರನ ಕೈ ತಾನಾಗಿ ಹಣೆ ಉಜ್ಜಿಕೊಂಡಿತು.

ಬೀಸದ ಪಾಚಿಯನ್ನೂ ಆ ಸಿಂಧೂರವನ್ನೂ ವಿಜಯಶ್ರೀ ಲ್ಯಾಬಿಗೆ ಒಯ್ದಳು. ನಾಲ್ಕು ದಿನಕ್ಕೆ ಫಲಿತಾಂಶ ಬಂತು. ಪಾಚಿ ಚೊಕ್ಕ, ಸಿಂಧೂರದ ತುಂಬ ಸೀಸ. ಆ ಪುಡಿಯನ್ನೆಲ್ಲ ಬೇರೆ ಕಟ್ಟಿಟ್ಟು, ಗಿರಣಿ ಬಿಚ್ಚಿ ತಿಕ್ಕಿ ತೊಳೆದರು. ಹೊಸ ಪುಡಿ ಪಾಸಾಯಿತು. ಉಪೇಂದ್ರ ರಾಮೇಶ್ವರಕ್ಕೆ ಫೋನು ಮಾಡಿ ಇನ್ನೂ ಎಂಟು ಚೀಲ ಕೇಳಿದ. ಹಂಪಮ್ಮ ಕೆಲಸದ ಮಾತೆತ್ತಿದರೆ, ನೀನು ಹೋದರೆ ಆ ಗಿರಣಿ ನನ್ನ ಮಾತು ಕೇಳುತ್ತದೆಯೇ ಎಂದು ಗದರಿದ.

ಮರುವರ್ಷ ದಸರೆಗೆ ವಾರವಿರುವಾಗ ಹಂಪಮ್ಮ ಲ್ಯಾಬಿಗೇ ಹೋದಳು. ಅರಿಸಿನಕ್ಕೆ ಸುಣ್ಣ, ನಿಂಬೆರಸ ಹಾಕಿ ತಾನೇ ಮಾಡಿದ ಕುಂಕುಮ ಸೆರಗಿನ ಗಂಟಿನಲ್ಲಿತ್ತು.

"ಸ್ಯಾಂಪಲ್ಲಿಗೆ ಏನಂತ ಹೆಸರು ಬರೀಲಿ, ಅಕ್ಕಾ?" ವಿಜಯಶ್ರೀ ಪೆನ್ನು ಹಿಡಿದಳು.

"ಗಿರಣಿಯವ್ವನ ಬೊಟ್ಟು ಅಂತ ಬರೀ ತಂಗಿ. ಈ ಸಲ ಹೊರಗಷ್ಟ ಹಚ್ಚತೀನಿ. ಆದ್ರೂ ಒಂದ್ ಸಲ ನೋಡಿಬಿಡು, ಸಾಹೇಬರ ಹಣಿಗೂ ಹಚ್ಚೋದೈತಿ."