ಐದನೇ ಸಹಿ

ಆ ಶಾಲೆಯ ಮೆಟ್ಟಿಲು ಇಪ್ಪತ್ತೆರಡು. ಅದು ಜವಾನನಿಗೆ ಗೊತ್ತಿದ್ದಷ್ಟು ಕಟ್ಟಿಸಿದ ಗುತ್ತಿಗೆದಾರನಿಗೂ ಗೊತ್ತಿರಲಿಲ್ಲ. ಚಹಾದ ತಟ್ಟೆ, ಹಾಜರಿ ಪುಸ್ತಕ, ಸೀಮೆಸುಣ್ಣದ ಡಬ್ಬಿ ಹಿಡಿದುಕೊಂಡು ಇಪ್ಪತ್ತಾರು ವರ್ಷ ಹತ್ತಿ ಇಳಿದವನು ಅವನು. ಹದಿಮೂರನೆಯ ಮೆಟ್ಟಿಲಿನ ಅಂಚು ಒಡೆದಿತ್ತು. ಅಲ್ಲಿಗೆ ಬಂದಾಗ ಕಾಲು ತಾನಾಗಿಯೇ ಎಡಕ್ಕೆ ಸರಿಯುತ್ತಿತ್ತು. ಮಕ್ಕಳು ಅವನನ್ನು ಗಂಟೆತಾತ ಎನ್ನುತ್ತಿದ್ದರು. ಅವರಲ್ಲಿ ಒಬ್ಬಳು ಅವನ ಸ್ವಂತ ಮೊಮ್ಮಗಳು, ಮಗಳ ಮಗಳು. ನಾಲ್ಕನೇ ತರಗತಿ. ಓದಿನಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಹುಟ್ಟಿದಾಗಿನಿಂದ ಕಾಲಿಗೆ ಬಲವಿಲ್ಲದ್ದರಿಂದ ಗಾಲಿಕುರ್ಚಿಯಲ್ಲಿ ಬರುತ್ತಿದ್ದಳು.

ನಾಲ್ಕರವರೆಗಿನ ತರಗತಿಗಳು ಕೆಳಗೆ, ಐದನೆಯದು ಮೇಲೆ. ರಜೆ ಮುಗಿದ ಮೇಲೆ ಅವಳು ಐದಕ್ಕೆ. ಮೊದಲಾದರೆ ತಾತ ಎತ್ತಿಕೊಂಡು ಹತ್ತುತ್ತಿದ್ದ. ಈಗ ಅವನ ಸೊಂಟ ಒಪ್ಪುತ್ತಿರಲಿಲ್ಲ, ಅವಳೂ ಒಪ್ಪುತ್ತಿರಲಿಲ್ಲ.

“ನಾನೇನು ಮೂಟೆನಾ ತಾತ, ದಿನಾ ಹೊತ್ಕೊಂಡು ಹೋಗಕ್ಕೆ?” ಎಂದು ಒಂದು ಸಲ ಕೇಳಿದ್ದಳು. ಇನ್ನೊಂದು ಸಲ ಕೇಳುವ ಅಗತ್ಯ ಬೀಳಲಿಲ್ಲ.

ಕೆಳಗೆ ಕೋಣೆ ಇಲ್ಲವೆಂದಲ್ಲ, ಐದು ಕೋಣೆಗಳಿದ್ದವು. ನಾಲ್ಕರಲ್ಲಿ ಮಕ್ಕಳು, ಐದನೆಯದರಲ್ಲಿ ಹೆಡ್ಮಾಷ್ಟ್ರು, ಅವರ ಮೇಜು, ಒಂದು ಕಬ್ಬಿಣದ ಬೀರು ಮತ್ತು ಬೇಕಾದಷ್ಟು ಗಾಳಿ.

ಹಿಂದಿನ ವರ್ಷ ಮೇಲಿನ ಕಚೇರಿಯಿಂದ ಸುತ್ತೋಲೆ ಬಂದಿತ್ತು, ಪ್ರತಿ ಶಾಲೆಯಲ್ಲೂ ಸಮಾನತೆಯ ಸಮಿತಿ ಇರಬೇಕು, ಯಾವ ಮಗುವೂ ಹೊರಗುಳಿಯಬಾರದು ಎಂದು. ಐದು ಜನ ಸದಸ್ಯರು: ಹೆಡ್ಮಾಷ್ಟ್ರು, ಗಣಿತದ ಟೀಚರು, ಪೋಷಕರ ಪರವಾಗಿ ಹಿಟ್ಟಿನ ಗಿರಣಿಯವನು, ಆರೋಗ್ಯ ಕೇಂದ್ರದ ನರ್ಸಮ್ಮ, ಮತ್ತು ತೊಂದರೆಯುಳ್ಳ ಮಕ್ಕಳಲ್ಲಿ ಒಬ್ಬರು. ಕೊನೆಯ ಹೆಸರಿಗೆ ಯಾರೂ ತಲೆ ಕೆಡಿಸಿಕೊಳ್ಳಬೇಕಾಗಲಿಲ್ಲ. ಸಭೆಯ ಕೋಣೆ ಮೇಲಿದ್ದದ್ದರಿಂದ ಸಭೆಯೂ ಮೇಲೆಯೇ ಸೇರಿತು. ಐದನೇ ಸದಸ್ಯೆ ಮೆಟ್ಟಿಲ ಬುಡದಲ್ಲಿ ಕುರ್ಚಿ ನಿಲ್ಲಿಸಿಕೊಂಡು ಕೂತಳು. ನೀನು ಅಲ್ಲೇ ಇರು ಪುಟ್ಟಿ, ಎಲ್ಲ ನಿನ್ನ ಹತ್ತಿರಕ್ಕೇ ಬರುತ್ತೆ ಎಂದು ಹೆಡ್ಮಾಷ್ಟ್ರು ಮೇಲಿನಿಂದಲೇ ಸಮಾಧಾನ ಹೇಳಿದರು.

ಹೇಳಿದ ಮಾತಿಗೆ ತಪ್ಪಲಿಲ್ಲ. ಸಭೆ ಮುಗಿದೊಡನೆ ಗಂಟೆತಾತನ ಕೈಲಿ ನಡಾವಳಿ ಪುಸ್ತಕ ಇಳಿದುಬಂತು, ಜೊತೆಗೆ ಅವಳ ಪಾಲಿನ ಎರಡು ಬಿಸ್ಕತ್ತೂ. ಸಹಿ ಹಾಕಬೇಕಾದ ಕಡೆ ಪೆನ್ಸಿಲಿನಲ್ಲಿ ಗುಣಾಕಾರದ ಗುರುತು ಹಾಕಿಟ್ಟಿದ್ದರು. ಅವಳು ಅದರ ಮೇಲೆಯೇ ದುಂಡಗೆ ಬರೆದಳು. ಐದು ಸಹಿ ಇಲ್ಲದ ನಡಾವಳಿಯನ್ನು ಮೇಲಿನವರು ಹಿಂದಕ್ಕೆ ಕಳಿಸುತ್ತಿದ್ದರು. ಒಮ್ಮೆ ನರ್ಸಮ್ಮ ಹಸಿರು ಶಾಯಿಯಲ್ಲಿ ಬರೆದದ್ದಕ್ಕೇ ವಾಪಸು ಬಂದಿತ್ತು.

ಹೀಗೇ ಒಂದು ವರ್ಷ ಕೆಲಸ ಸಾಗಿತು. ಎದೆಗೆ ಸಿಕ್ಕಿಸಿಕೊಳ್ಳುವ ಬಿಲ್ಲೆ ಮಾಡಿಸಿದರು, ಪ್ರತಿಜ್ಞೆ ಬರೆಸಿದರು. ಮೆಟ್ಟಿಲುಗಳ ಎದುರು ಮುಖಕ್ಕೆ ಮೇಲಿನಿಂದ ಒಂದೊಂದಕ್ಕೆ ಒಂದೊಂದು ಅಕ್ಷರದಂತೆ ‘ಎಲ್ಲರೂ ಸಮಾನರು, ಎಲ್ಲರಿಗೂ ಸ್ವಾಗತ’ ಎಂದು ನೀಲಿ ಬಣ್ಣದಲ್ಲಿ ಬರೆಸಿದರು. ಹದಿನಾಲ್ಕು ಮೆಟ್ಟಿಲಿಗೆ ಅಕ್ಷರ ಮುಗಿದು, ಉಳಿದ ಎಂಟಕ್ಕೆ ಹೂವು ಬಿಡಿಸಿದರು. ಹತ್ತುವವರಿಗೆ ಅದು ಸರಿಯಾಗಿ ಕಾಣಿಸುತ್ತಿರಲಿಲ್ಲ. ಬುಡದಲ್ಲಿ ಕೂತವರಿಗೆ ಮಾತ್ರ ಪೂರ್ತಿ ಓದಲು ಸಿಗುತ್ತಿತ್ತು.

ರಜೆ ಹತ್ತಿರ ಬಂದಾಗ ತಾತ ಧೈರ್ಯ ಮಾಡಿ, ಸಾರ್, ಆಫೀಸು ಮೇಲೆ ಹೋಗಿ ಐದನೇ ತರಗತಿ ಕೆಳಗೆ ಬಂದರೆ ಹೇಗೆ ಎಂದು ಕೇಳಿದ. ಇಂಥದ್ದೆಲ್ಲ ಸಮಿತಿಯ ಮೂಲಕ ಬರಬೇಕು ಎಂದು ಹೆಡ್ಮಾಷ್ಟ್ರು ಕನ್ನಡಕ ಒರೆಸಿಕೊಂಡರು. ಸರಿ, ಮೊಮ್ಮಗಳು ಚೀಟಿ ಬರೆದಳು, ತಾತ ಮೇಲಕ್ಕೆ ಒಯ್ದ. ಒಂದು ಗಂಟೆ ಚರ್ಚೆಯಾಯಿತು, ಎರಡು ಸುತ್ತು ಚಹಾ ಆಯಿತು.

ಆಮೇಲೆ ಪುಸ್ತಕ ಕೆಳಗೆ ಬಂತು. ಮಗುವಿನ ಕಷ್ಟವನ್ನು ಸಮಿತಿ ತುಂಬು ಮರುಕದಿಂದ ಗಮನಿಸಿದೆ. ಮೆಟ್ಟಿಲ ಕೆಳಗಿನ ಜಾಗಕ್ಕೆ ಪರದೆ ಕಟ್ಟಿಸಿ ‘ವಿಶೇಷ ಅಕ್ಕರೆಯ ಮೂಲೆ’ ಎಂದು ಹೆಸರಿಟ್ಟು, ಬಿಡುವಿದ್ದ ಶಿಕ್ಷಕರು ಅಲ್ಲಿಗೇ ಬಂದು ಪಾಠ ಹೇಳತಕ್ಕದ್ದು. ಎಲ್ಲ ಸದಸ್ಯರೂ ಹಾಜರು. ಎಲ್ಲರ ಒಪ್ಪಿಗೆ.

ಆ ಜಾಗ ತಾತನಿಗೆ ಚೆನ್ನಾಗಿ ಗೊತ್ತಿತ್ತು. ಪೊರಕೆ ಇಡುವ ಜಾಗ ಅದು.

ಮರುದಿನವೇ ತನಿಖಾಧಿಕಾರಿ ಬರುವವರಿದ್ದರು. ಸಂಜೆಯೊಳಗೆ ಸಹಿ ಆಗಲೇಬೇಕು, ನಿನ್ನ ನಿವೃತ್ತಿಗೆ ಇನ್ನು ಒಂದೂವರೆ ವರ್ಷ, ಹೆಸರು ಕೆಡಿಸಿಕೊಳ್ಳಬೇಡ ಎಂದು ಹೆಡ್ಮಾಷ್ಟ್ರು ಸಣ್ಣ ದನಿಯಲ್ಲಿ ಹೇಳಿ ಕಳಿಸಿದ್ದರು. ತಾತ ಪುಸ್ತಕವನ್ನು ಅವಳ ತೊಡೆಯ ಮೇಲಿಟ್ಟು ಬೇರೆ ಕಡೆ ನೋಡಿದ.

“ಹಾಕ್ಬಿಡು ಪುಟ್ಟಿ. ಮುಂದಕ್ಕೆ ನೋಡ್ಕೊಳ್ಳೋಣ.”

ಅವಳು ಬೆರಳಿಟ್ಟು ಒಂದೊಂದೇ ಸಾಲು ಓದಿದಳು. “ಎಲ್ಲರೂ ಹಾಜರು ಅಂತ ಬರೆದಿದೆಯಲ್ಲ ತಾತ. ನಾನೆಲ್ಲಿ ಹಾಜರಿದ್ದೆ?”

ಗೈರುಹಾಜರಾದ ಗೆಳೆಯನ ಬದಲು ‘ಬಂದಿದಾನೆ ಸಾರ್’ ಎಂದು ಕೂಗುವ ಹುಡುಗರ ಕಿವಿ ಹಿಂಡಿದವನು ತಾತ. ಪುಸ್ತಕ ತೆಗೆದುಕೊಂಡು ಇಪ್ಪತ್ತೆರಡನ್ನೂ ಹತ್ತಿದ. ಸಹಿ ಇಲ್ಲ ಎಂದ. ತಿಳಿಸಿ ಹೇಳು ಎಂದು ಕೆಳಗೆ ಅಟ್ಟಿದರು. ಇಳಿದ, ಹತ್ತಿದ. ಮೂರನೇ ಸಲ ಪುಸ್ತಕವನ್ನು ಸಭೆಯ ಮೇಜಿನ ಮೇಲಿಟ್ಟು ಗೋಡೆಗೆ ಒರಗಿ ನಿಂತ.

“ಇನ್ನು ನನ್ನಿಂದ ಆಗಲ್ಲ ಸಾರ್. ನೀವೇ ಒಂದು ಸಲ ಇಳಿದು ಕೇಳಿ.”

ಇಪ್ಪತ್ತಾರು ವರ್ಷದಲ್ಲಿ ಅವನು ಆಡಿದ ಎದುರು ಮಾತು ಇದೊಂದೇ. ಹೆಡ್ಮಾಷ್ಟ್ರು ಎದ್ದು ಇಳಿಯತೊಡಗಿದರು. ಒಡೆದ ಅಂಚಿನ ಮೆಟ್ಟಿಲಲ್ಲಿ ಮುಗ್ಗರಿಸಿ, ಕಂಬಿ ಹಿಡಿದುಕೊಂಡು, ಅಲ್ಲಿಂದಲೇ ನಗುಮುಖ ಮಾಡಿ ಏನಮ್ಮಾ ನಿನ್ನ ಹಟ ಎಂದರು.

“ಹಟ ಇಲ್ಲ ಸಾರ್. ನಾನಿರೋ ಕಡೆ ಸಭೆ ಮಾಡಿ, ಹಾಕ್ತೀನಿ.”

ಗಿರಣಿಯವನಿಗೆ ಗಿರಣಿಯ ಚಿಂತೆ, ನರ್ಸಮ್ಮನಿಗೆ ಬಸ್ಸಿನ ಚಿಂತೆ. ಬೇಗ ಮುಗಿಸಿಬಿಡೋಣ ಎಂದು ಎಲ್ಲರೂ ಇಳಿದರು. ಕೆಳಗೆ ದೊಡ್ಡವರು ಕೂರುವಂಥ ಕುರ್ಚಿ ಇದ್ದದ್ದು ಹೆಡ್ಮಾಷ್ಟ್ರ ಕೋಣೆಯಲ್ಲಿ ಮಾತ್ರ. ಗಾಲಿಕುರ್ಚಿ ಒಳಗೆ ಬರಲೆಂದು ತಾತ ಮೇಜನ್ನು ಮೂಲೆಗೆ ತಳ್ಳಿದ. ತಳ್ಳಿದ್ದೇ ತಡ, ನಡುವೆ ಬಯಲಿನಂಥ ಜಾಗ ಬಿಚ್ಚಿಕೊಂಡಿತು. ಗಿರಣಿಯವನು ಆ ಕೋಣೆಯನ್ನು ಅಷ್ಟು ಖಾಲಿಯಾಗಿ ನೋಡಿದ್ದು ಅದೇ ಮೊದಲು.

“ಇಷ್ಟರಲ್ಲಿ ನಾನು ಎರಡು ಗಿರಣಿ ಇಡ್ತೀನಲ್ಲ ಸಾರ್,” ಎಂದ. “ನೀವೊಬ್ಬರೇ ಏನ್ಮಾಡ್ತೀರಿ ಇಲ್ಲಿ?”

ಕಡತಗಳಿವೆ ಎಂದು ಹೆಡ್ಮಾಷ್ಟ್ರು ಹೇಳಿದರು. ಕಡತಕ್ಕೆ ಕಾಲು ನೋಯಲ್ಲವಲ್ಲ, ಮೇಲಿರಲಿ ಎಂದು ನರ್ಸಮ್ಮ ಗಡಿಯಾರ ನೋಡಿದರು. ಗಣಿತದ ಟೀಚರು ಗೋಡೆಯಿಂದ ಗೋಡೆಗೆ ಹೆಜ್ಜೆ ಹಾಕಿ ಮೂವತ್ತು ಮಕ್ಕಳು ಹಿಡಿಸುತ್ತಾರೆ ಎಂದರು. ಕೈ ಎತ್ತಿದವರು ನಾಲ್ವರು. ಠರಾವು ಹೊಸದಾಗಿ ಬರೆದಾಯಿತು, ಐದನೇ ಸಹಿ ಪೆನ್ಸಿಲ್ ಗುರುತಿಲ್ಲದೆಯೇ ಬಿತ್ತು.

ರಜೆಯಲ್ಲಿ ಬೀರು ಮೇಲೆ ಹೋಯಿತು. ಹೊತ್ತವರು ನಾಲ್ವರು, ಬೈದವನು ತಾತನೊಬ್ಬನೇ. ಹೆಡ್ಮಾಷ್ಟ್ರು ದಿನಾ ಹತ್ತಬೇಕಾಗಿ ಬಂದ ಮೇಲೆ, ವರ್ಷಗಳಿಂದ ಯಾರ ಕಣ್ಣಿಗೂ ಬೀಳದಿದ್ದ ಹದಿಮೂರನೆಯ ಮೆಟ್ಟಿಲು ಎರಡೇ ದಿನದಲ್ಲಿ ರಿಪೇರಿಯಾಯಿತು. ತಾತನ ಕಾಲು ಮಾತ್ರ ಅಲ್ಲಿಗೆ ಬಂದರೆ ಇನ್ನೂ ಎಡಕ್ಕೇ ಸರಿಯುತ್ತದೆ.

ಹೊಸ ವರ್ಷದ ಮೊದಲ ವಾರ ಮೇಲಿನ ಕಚೇರಿಯಿಂದ ಕಾಗದ ಬಂತು. ಅತ್ಯುತ್ತಮ ಸಮಿತಿಗೆ ಪ್ರಶಸ್ತಿ. ಐವರು ಸದಸ್ಯರೂ ಖುದ್ದಾಗಿ ಬಂದು ಸ್ವೀಕರಿಸತಕ್ಕದ್ದು. ಸ್ಥಳ, ಕಚೇರಿಯ ಮೂರನೇ ಮಹಡಿ.

ಮೊಮ್ಮಗಳು ಅದನ್ನು ಐದನೇ ತರಗತಿಯ ಕಿಟಕಿಯ ಪಕ್ಕ ಕೂತು ಎರಡು ಸಲ ಓದಿದಳು. ಆಮೇಲೆ ತಾತನಿಂದ ಪೆನ್ಸಿಲ್ ಇಸಿದುಕೊಂಡು, ಗೇಟಿನ ಹತ್ತಿರ ಇರುತ್ತೇನೆ, ದಯವಿಟ್ಟು ಇಳಿದು ಬರುವುದು ಎಂದು ಕೆಳಗೆ ಬರೆದು, ಕಚೇರಿಯ ಸಾಹೇಬರು ಸಹಿ ಹಾಕಬೇಕಾದ ಕಡೆ ಒಂದು ಗುಣಾಕಾರದ ಗುರುತು ಹಾಕಿದಳು.