ಬದುವಿನ ಮೇಲಿನ ದೇವರು

"ಕೈ ತಗಿಯೇ ಮುಂಡೆ! ಒಳಗ ಸಾಮಿ ಕೂತವ್ನ, ಕಣ್ಣು ಕಾಣಾಕಿಲ್ವಾ?"

ಕಾರಿನ ಬಾಗಿಲ ಮೇಲಿದ್ದ ಕೈಯನ್ನು ಮರಿತಾಯಮ್ಮ ತೆಗೆಯಲಿಲ್ಲ. ಗಂಡನ ಉಸಿರು ಇನ್ನೂ ಆಡುತ್ತಿತ್ತು. ಧಣಿ ದೊಡ್ಡಸಿದ್ದಯ್ಯ ಆಗಲೇ ಅವಳನ್ನು ಮುಂಡೆ ಮಾಡಿ ಮುಗಿಸಿದ್ದ.

ತಾಂಡವಪುರದಾಚೆ ಅವನ ಬಾಳೆತೋಟದಲ್ಲಿ ಗಂಡಹೆಂಡತಿ ಇಬ್ಬರಿಗೂ ಕೂಲಿ. ಗಂಡ ದೊಡ್ಡಮಾದಯ್ಯ ಬೆಳಿಗ್ಗೆಯಿಂದ ಬೆನ್ನಿಗೆ ಕ್ಯಾನು ಕಟ್ಟಿಕೊಂಡು ಹುಳದ ಔಷಧಿ ಹೊಡೆಯುತ್ತಿದ್ದ. ಗಾಳಿ ಮುಖಕ್ಕೇ ತಿರುಗಿದೆ, ನಾಳೆ ಹೊಡೆಯುತ್ತೇನೆ ಎಂದರೂ ಧಣಿ ಬಿಟ್ಟಿರಲಿಲ್ಲ. ಬಿಸಿಲೇರುವಷ್ಟರಲ್ಲಿ ಬದುವಿನ ಪಕ್ಕ ಕುಸಿದ. ಬಾಯಲ್ಲಿ ನೊರೆ, ಕೈಕಾಲಲ್ಲಿ ಅದುರು. ಅಂಬುಲೆನ್ಸಿಗೆ ಫೋನ್ ಮಾಡಿದರೆ ಬೇರೆ ಕಡೆ ಹೋಗಿದೆ, ಕಾಯಿರಿ ಅಂದರು. ಅದೇ ಹೊತ್ತಿಗೆ ನೈವೇದ್ಯದ ಗೊನೆ ಒಯ್ಯಲು ಧಣಿಯ ಕಾರು ಬಂದಿತ್ತು. ಹಿಂದಿನ ಸೀಟಿಗೆ ರೇಷ್ಮೆ ಹಾಸಿ, ಊರ ಗುಡಿಗೆಂದು ಹೊಸದಾಗಿ ಎರಕ ಹೊಯ್ಸಿದ ಪಂಚಲೋಹದ ಶಿವನನ್ನು ಕೂರಿಸಿದ್ದರು.

"ಬುದ್ಧಿ, ನಿಮ್ ಕಾಲ್ ಇಡ್ಕತೀನಿ. ನಂಜನಗೂಡು ಆಸ್ಪತ್ರಗಂಟ ಬುಟ್ಬುಡಿ. ಮುಂದಿನ್ ಸೀಟಾದ್ರೂ ಸರಿ..."

"ನಾ ಎಲ್ಲಿ ಕೂತ್ಕಳ್ಳಿ, ನಿನ್ ತಲ ಮ್ಯಾಲಾ? ಪ್ರತಿಷ್ಠೆಗ ವತ್ತಾಯ್ತಾ ಅದ. ಮಜ್ಜಿಗ ಕುಡ್ಸು, ಎದ್ಕತಾನ. ಶಿವ ಅವ್ನ, ನೋಡ್ಕತಾನ." ದೊಡ್ಡಸಿದ್ದಯ್ಯ ಎದೆಯ ಮೇಲಿನ ಲಿಂಗದ ಬೆಳ್ಳಿ ಕರಡಿಗೆಯನ್ನು ಕಣ್ಣಿಗೊತ್ತಿಕೊಂಡ.

"ಶಿವ ಅವ್ನ ಅಂತ ನಿಮ್ಗ ದಿಟವಾಗೂ ನಂಬ್ಕ ಇದ್ದಿದ್ರ, ಸಾಯೋನ ಮುಂದ ನಿಂತ್ಕಂಡು ಇಂಗಾಡ್ತಿದ್ರಾ?"

"ಏನಂದ್ಯೇ ಅಲ್ಕಾ ಲೌಡಿ!"

ಅವಳು ಬಾಗಿಲು ತೆಗೆದೇಬಿಟ್ಟಳು. ರೇಷ್ಮೆ ಸಮೇತ ಶಿವನನ್ನು ಎರಡೂ ಕೈಯಲ್ಲಿ ಬಾಚಿ ಎತ್ತಿದಳು. ಹಾಲು ಬಿಟ್ಟ ಮಗುವಿನಷ್ಟು ಭಾರ. ಬದುವಿನ ಮೇಲೆ, ಬಾಳೆಯ ನೆರಳಲ್ಲಿ ಇಳಿಸಿದಳು.

"ನೀ ಒಸಿ ತಡ್ಕಪ್ಪ. ನಿನ್ಗೇನು ಉಸ್ರು ಕಟ್ಟಾಕಿಲ್ಲ."

ಗಂಡನ ಕಂಕುಳಿಗೆ ಕೈ ಹಾಕಿ ಎಳೆದಳು. ಆಗಲಿಲ್ಲ. ಸ್ಟೇರಿಂಗು ಹಿಡಿದು ಮರಗಟ್ಟಿ ಕೂತಿದ್ದ ಡ್ರೈವರ್ ರಾಜು ಇಳಿದು ಬಂದು ಕಾಲು ಹಿಡಿದ.

"ಲೇ ರಾಜು, ಗಾಡಿ ಮುಂದಕ್ ಓಯ್ತು ಅಂದ್ರ ನಿನ್ ಕೆಲ್ಸ ಓಯ್ತು ಅನ್ಕ!"

"ಓಗ್ಲಿ ಬುಡಿ ಸಾ."

ಕಾರು ಹೊರಟಾಗ ಮರಿತಾಯಮ್ಮ ಹಿಂದಿನ ಗಾಜಿನಿಂದ ನೋಡಿದಳು. ದೊಡ್ಡಸಿದ್ದಯ್ಯ ಶಿವನನ್ನು ಎತ್ತಿಕೊಳ್ಳಲು ಬಗ್ಗಿದ, ಕೈ ಚಾಚಿದ. ಏನೋ ನೆನಪಾದವನಂತೆ ಥಟ್ಟನೆ ಕೈ ಹಿಂದಕ್ಕೆಳೆದುಕೊಂಡ.

ಆಸ್ಪತ್ರೆಯಲ್ಲಿ ದೊಡ್ಡಮಾದಯ್ಯನ ಮೂಗು ಬಾಯಿಗೆ ಮಾಸ್ಕು ಹಾಕಿದರು. ಈಗಲೇ ಏನೂ ಹೇಳೋಕಾಗಲ್ಲ ಅಂದರು ಡಾಕ್ಟರು. ಕಾರು ಬಿಡಲು ತೋಟಕ್ಕೆ ಹೋಗಿದ್ದ ರಾಜು ಸಂಜೆ ಬಸ್ಸಿನಲ್ಲಿ ಬಂದು ಮಂಚದ ಪಕ್ಕ ನಿಂತ.

"ಸಾಮಿ ಇನ್ನೂ ಬದುವಿನ್ ಮ್ಯಾಲೇ ಅದ ಕನಕ್ಕ. ಯಾರೂ ಮುಟ್ಟಾಂಗಿಲ್ವಂತ. ನಿನ್ ಕೈ ತಾಕದ್ಮ್ಯಾಲ ಅದು ಬರೀ ಲೋಹವಂತ, ಬ್ಯಾರೆ ಹೊಯ್ಸ್ತಾರಂತ. ನೀ ಊರ್ ಮುಂದ ಅಡ್ಡಬಿದ್ದು ತಪ್ಪಾಯ್ತು ಅನ್ಬೇಕಂತ."

ಮರಿತಾಯಮ್ಮ ತಲೆ ಎತ್ತಿ ಅವನನ್ನು ನೋಡಿದಳು.

"ಅಂಗೇ ಬುಟ್ಬುಟ್ಟು ಓದ್ರಾ? ಒಂಟಿಯಾಗಿ?"

"ಊ ಕನಕ್ಕ."

"ಇವ್ನು ಎದ್ಕಳ್ಳಿ. ನಾನೇ ಓಗಿ ಎತ್ಕಬತ್ತೀನಿ. ನಮ್ ಕೇರೀಲಿ ಕೂರ್ಸ್ಕತೀವಿ. ಬೇಕಂದ್ರ ನಿಮ್ ಧಣಿ ನಮ್ ಅಟ್ಟಿ ಮುಂದ ಬಂದು ಅಡ್ಡಬೀಳ್ಲಿ, ಇದ್ನೇ ಯೋಳು ಓಗು."

ಅಂದವಳೇ ಗಂಡನ ಕಡೆ ತಿರುಗಿದಳು. ಅವನ ಎದೆ ಒಂದು ಸಲ ಏರಿ ಇಳಿಯಿತು. ಮತ್ತೆ ಏರಲೆಂದು ಅವಳು ಅದರ ಮೇಲೆ ಅಂಗೈ ಊರಿಕೊಂಡು ಕೂತಳು.